ನಮ್ಮ ಮಾತನ್ನು ಅವ್ವ ಓದಿದ್ದು

ನನ್ನ ತಮ್ಮ ಹಾವೇರಿಯ ಕಾಲೇಜೊಂದರಲ್ಲಿ ಉಪನ್ಯಾಸಕ. ಮೈಕು ಕಂಡರೆ ಅವನಿಗೆ ಹಬ್ಬ. ಅಗಡಿಯಿಂದ, ಸುತ್ತಲಿನ ಊರುಗಳಿಂದ ಹಿರಿಯರನ್ನು ಕರೆಸಿ, ಸಭಾಂಗಣದಲ್ಲಿ ಕೂರಿಸಿ, ಮೊಬೈಲ್ ಬಳಸುವುದು ಹೇಗೆ ಎಂದು ವರ್ಷಕ್ಕೊಮ್ಮೆ ಭಾಷಣ ಬಿಗಿಯುತ್ತಾನೆ. ನಾನೂ ಒಮ್ಮೆ ಹೋಗಿ ಕೇಳಿದ್ದೇನೆ. ಅರವತ್ತು ದಾಟಿದ ಮೇಲೆ ಹೊಸದು ತಲೆಗೆ ಹತ್ತುವುದಿಲ್ಲ, ಅದು ಪ್ರಕೃತಿ ನಿಯಮ, ಅದಕ್ಕೆ ನಾಚಿಕೊಳ್ಳಬೇಡಿ, ಕೆಲಸವಿದ್ದರೆ ಫೋನನ್ನು ಮನೆಯ ಹುಡುಗರ ಕೈಗೆ ಕೊಟ್ಟುಬಿಡಿ. ಒಂದು ತಾಸಿನ ಭಾಷಣದ ತಿರುಳು ಇಷ್ಟೇ. ಕಲಿಸುತ್ತೇವೆಂದು ಕರೆಸಿದವರಿಗೆ ಕಲಿಯುವ ಗೊಡವೆ ಬೇಡ ಎಂದು ಹೇಳಿ, ಉಪ್ಪಿಟ್ಟು ತಿನ್ನಿಸಿ ಕಳಿಸುವುದಕ್ಕೆ ಅಷ್ಟು ದೊಡ್ಡ ಬ್ಯಾನರು ಬೇಕಾಗಿತ್ತೆ? ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ಕುಳಿತಿದ್ದ ಒಬ್ಬ ಹಿರಿಯರು ಅಷ್ಟೂ ಹೊತ್ತು ತಮ್ಮ ಫೋನಿನಲ್ಲಿ ಹತ್ತಿಯ ಧಾರಣೆ ನೋಡುತ್ತಿದ್ದರು. ಭಾಷಣ ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರೂ ಅವರೇ.

ಅಣ್ಣನ ಕಥೆ ಬೇರೆ. ಬ್ಯಾಡಗಿಯಲ್ಲಿ ಅಪ್ಪ ಬಿಟ್ಟುಹೋದ ಮೆಣಸಿನಕಾಯಿ ದಲಾಲಿ ಅಂಗಡಿ ಅವನದು. ಅವನ ವಯಸ್ಸು ಅವನ ಅನುಕೂಲ ನೋಡಿಕೊಂಡು ಹೆಚ್ಚು ಕಡಿಮೆಯಾಗುತ್ತದೆ. ಕರೆಂಟ್ ಬಿಲ್ ಕಟ್ಟಬೇಕು, ಗ್ಯಾಸ್ ಬುಕ್ ಮಾಡಬೇಕು, ಮಾರುಕಟ್ಟೆಯ ಆನ್‌ಲೈನ್ ಟೆಂಡರ್ ನೋಡಬೇಕು ಎಂದರೆ ಅವನು ಮುದುಕ. "ನಮ್ಮ ವಯಸ್ಸಿನವರಿಗೆ ಇವೆಲ್ಲ ಆಗಂಗಿಲ್ಲವಾ" ಎಂದು ಫೋನನ್ನು ಮಗನ ಕಡೆ ಚಾಚುತ್ತಾನೆ. ಕುಸ್ತಿಯ ವಿಡಿಯೋ, ಬೈಕಿನಿಂದ ಬೀಳುವವರ ವಿಡಿಯೋ ನೋಡುವಾಗ ಮಾತ್ರ ಅವನ ಹೆಬ್ಬೆರಳಿಗೆ ಹದಿನೆಂಟರ ಹರೆಯ. ಮುಗಿಯುವ ಮೊದಲೇ ಮುಂದಿನದಕ್ಕೆ ಹಾರುತ್ತದೆ.

ಆ ಮಗ ಎಂಜಿನಿಯರಿಂಗ್ ಮುಗಿಸಿದವನು. ನಮ್ಮ ಮನೆತನದಲ್ಲಿ ಫೋನಿಗೆ ಸಂಬಂಧಿಸಿದ ಎಲ್ಲ ವಿದ್ಯೆಯೂ ಅವನಲ್ಲಿದೆ ಎಂಬುದು ಎಲ್ಲರ ನಂಬಿಕೆ. ಯಾರಾದರೂ ಏನಾದರೂ ಕೇಳಿದರೆ ಅವನು ಹೇಳಿಕೊಡುವುದಿಲ್ಲ. ಫೋನ್ ಕಿತ್ತುಕೊಂಡು, ಎರಡೂ ಹೆಬ್ಬೆರಳಿನಿಂದ ಪಟಪಟ ಒತ್ತಿ, "ಆತ ನೋಡ್ರಿ" ಎಂದು ವಾಪಸು ಕೊಡುತ್ತಾನೆ. ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಅವನಿಗೂ ಎಷ್ಟು ತಿಳಿದಿತ್ತೋ ಎಂಬ ಅನುಮಾನ ನನಗೆ ಬಂದದ್ದು, ಅವನು ನೌಕರಿಯ ಪರೀಕ್ಷೆಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದಾಗ. ಫೋಟೋ ಇರಬೇಕಾದ ಕಡೆ ಸಹಿ ಹಾಕಿದ್ದ, ಸಹಿ ಇರಬೇಕಾದ ಕಡೆ ಫೋಟೋ. ಅರ್ಜಿ ತಿರಸ್ಕೃತವಾಯಿತು. ಸರ್ವರ್ ಸರಿ ಇರಲಿಲ್ಲ ಎಂದ. ಮನೆಯವರೆಲ್ಲ ಸರ್ವರಿಗೆ ಬೈದರು.

ನಾನು ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಈ ಮೂರೂ ಊರುಗಳ ನಡುವೆ ನಮ್ಮ ಅವ್ವ ತಿರುಗುತ್ತಾಳೆ. ಕೆಲವು ತಿಂಗಳು ಅಣ್ಣನ ಮನೆ, ಕೆಲವು ತಿಂಗಳು ತಮ್ಮನ ಮನೆ, ಉಳಿದದ್ದು ನನ್ನಲ್ಲಿ. ಎಂಬತ್ತರ ಹತ್ತಿರ ಬಂದಿದ್ದಾಳೆ. ಕಾಲು ಗಟ್ಟಿಯಿದೆ. ಕನ್ನಡಕ ಹಾಕಿಕೊಂಡರೆ ದಿನಪತ್ರಿಕೆಯನ್ನು ನಿಧನವಾರ್ತೆಯ ಸಮೇತ ಓದಿ ಮುಗಿಸುತ್ತಾಳೆ. ಹೋದದ್ದು ಕಿವಿ.

ಮೊದಮೊದಲು ಕೂಗಿ ಹೇಳಿದರೆ ಕೇಳುತ್ತಿತ್ತು. ಬರಬರುತ್ತ ಅದೂ ನಿಂತಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಕಿವಿಗೆ ಮಷಿನ್ ಹಾಕಿಸಿದೆವು. ಅದು ಕಿವಿಯೊಳಗೆ ಕುಕ್ಕರಿನಂತೆ ಸಿಳ್ಳೆ ಹಾಕುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ ಎಂದು ಅವ್ವ ಅದನ್ನು ತೆಗೆದಿಟ್ಟಳು. ಆಮೇಲೆ ಎಲ್ಲರೂ ಕ್ರಮೇಣ ಆಕೆಯೊಂದಿಗೆ ಮಾತಾಡುವುದನ್ನೇ ಬಿಟ್ಟರು. ಊಟಕ್ಕೆ ಕರೆಯುವಾಗ ಬಾಯಿಗೆ ಕೈ ತೋರಿಸುವುದು, ಮಲಗು ಎನ್ನುವುದಕ್ಕೆ ಕೆನ್ನೆಗೆ ಅಂಗೈ ಹಚ್ಚುವುದು, ಅಷ್ಟೇ ಉಳಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ಆಕೆಯ ಎದುರಿಗೇ ಆಕೆಯ ಬಗ್ಗೆ ಮಾತಾಡುವ ಚಾಳಿ. ಅಣ್ಣನ ಹೆಂಡತಿ, ನಮ್ಮ ವೈನಿ, ಅವ್ವನ ಪಕ್ಕದಲ್ಲೇ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತ, ಈ ಮುದುಕಿ ಎಷ್ಟು ಉಣ್ಣುತ್ತಾಳೆ, ಬಚ್ಚಲಿಗೆ ಎಷ್ಟು ಸಲ ಹೋಗುತ್ತಾಳೆ ಎಂದು ಬಂದವರಿಗೆಲ್ಲ ವರದಿ ಕೊಡುತ್ತಿದ್ದಳು. ಅವ್ವ ಅವರ ಮುಖಗಳನ್ನು ನೋಡಿ ತಾನೂ ಸ್ವಲ್ಪ ನಗುತ್ತಿದ್ದಳು. ಆ ನಗು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಇದನ್ನು ಬದಲಿಸಿದವರು ನಮ್ಮ ಎದುರುಮನೆಯ ಆಪಾ, ಅವ್ವನ ಬಾಯಲ್ಲಿ ಬೂಬವ್ವ. ಅರವತ್ತು ದಾಟಿದವರು. ಅವರ ಮಗಳಿಗೆ ಹುಟ್ಟಿನಿಂದಲೂ ಕಿವಿ ಮಂದ. ಎದುರಿಗಿರುವವರು ಆಡಿದ ಮಾತನ್ನು ಫೋನ್ ಕೇಳಿಸಿಕೊಂಡು ಅಕ್ಷರದಲ್ಲಿ ಬರೆದು ತೋರಿಸುವ ಆ್ಯಪ್ ಒಂದು ಅವರ ಮನೆಯಲ್ಲಿ ಬಹಳ ದಿನಗಳಿಂದ ನಡೆಯುತ್ತಿತ್ತು. ಮಗಳಿಗಾಗಿ ಆಪಾ ಕಲಿತಿದ್ದರು. ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದಾಗ ಅವ್ವ ಒಬ್ಬಳೇ ಗೋಡೆ ನೋಡುತ್ತ ಕುಳಿತಿದ್ದಳು.

"ಅಮ್ಮಗ ಓದಾಕ ಬರತೈತಲ್ರಿ ಟೀಚರ್?" ಎಂದು ನನ್ನನ್ನು ಕೇಳಿದರು.

"ನನಗಿಂತ ಲಗೂನ ಓದತಾಳ."

"ಮತ್ತ ಯಾಕ ಹಿಂಗ ಸುಮ್ಮನ ಕುಂದ್ರಿಸೀರಿ?"

ಆಪಾ ತಮ್ಮ ಫೋನಿನಲ್ಲಿ ಅದನ್ನು ತೆರೆದು, ಅವ್ವನ ಮುಂದೆ ಹಿಡಿದು, "ಅಮ್ಮಾ, ಆರಾಮ ಅದೀರೇನ್ರಿ?" ಎಂದರು. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಆ ಮಾತು ಮೂಡಿತು. ಅವ್ವ ಅದನ್ನು ಓದಿದಳು, ಆಪಾರ ಮುಖ ನೋಡಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಮನೆ ನಡುಗುವ ಹಾಗೆ, "ಆರಾಮ ಅದೇನಿ! ನೀ ಆರಾಮ ಅದೀಯೇನವಾ?" ಎಂದಳು. ಸಾಧಾರಣ ಕುಶಲಪ್ರಶ್ನೆಗೆ ಅಷ್ಟು ಸಂಭ್ರಮದ ಉತ್ತರವನ್ನು ನಾನು ಬೇರೆಲ್ಲೂ ಕೇಳಿಲ್ಲ.

ವಯಸ್ಸು ಏನೇನೂ ಅಡ್ಡಿಯಲ್ಲ ಎಂದು ನಾನು ಹೇಳುವುದಿಲ್ಲ. ಅವ್ವನ ಬೆರಳು ಒಣಗಿ ಬಿರುಕು ಬಿಟ್ಟಿದೆ, ಫೋನಿನ ಗಾಜಿಗೆ ಅದು ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಆಪಾ ಒದ್ದೆ ಬಟ್ಟೆಯೊಂದನ್ನು ಪಕ್ಕದಲ್ಲಿಟ್ಟು, ಬೆರಳು ಒರೆಸಿಕೊಂಡು ಒತ್ತುವುದನ್ನು ರೂಢಿ ಮಾಡಿಸಿದರು. ಇವತ್ತು ಕಲಿತದ್ದು ನಾಳೆ ಮರೆಯುತ್ತಿತ್ತು. ಆಪಾ ಮರುದಿನ ಬಂದು ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಒಮ್ಮೆಯೂ ಅವ್ವನ ಕೈಯಿಂದ ಫೋನ್ ಕಿತ್ತುಕೊಳ್ಳಲಿಲ್ಲ. ತಮ್ಮ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದರು, ಒತ್ತಬೇಕಾದವಳು ಅವ್ವನೇ. ನಾನು ಅವ್ವನಿಗೆ ಒಂದು ಫೋನ್ ಕೊಂಡು ತಂದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆಕೆ ತಾನೇ ತೆರೆದು, ಅಕ್ಷರ ದೊಡ್ಡದು ಮಾಡಿಕೊಂಡು, ಮೇಲೆ ಸರಿಸಿ ಹಿಂದಿನ ಮಾತನ್ನೂ ಓದಿಕೊಳ್ಳುವಷ್ಟು ಕಲಿತಿದ್ದಳು.

ತಕರಾರು ಇದ್ದದ್ದು ಆ ಆ್ಯಪಿನ ಕಡೆಯಿಂದ. ಅದಕ್ಕೆ ಬರುವುದು ಟಿ.ವಿ. ವಾರ್ತೆಯ ಕನ್ನಡ. ನಮ್ಮ ಮಾತು ಅದಕ್ಕೆ ಪೂರ್ತಿ ಹತ್ತುತ್ತಿರಲಿಲ್ಲ. ಒಂದು ಸಂಜೆ ನಾನು "ಚಾ ಕುಡೀತೀಯೇನ?" ಎಂದು ಕೇಳಿದರೆ, "ಚಾಕು ಇಡುತ್ತೀಯೇನು?" ಎಂದು ಬರೆಯಿತು. ಅವ್ವ ಗಾಬರಿಯಿಂದ, "ಎಲ್ಲಿ ಇಡಲಿ? ಯಾಕ ಬೇಕು ಚಾಕು?" ಎಂದಳು. ಇಂಥ ಯಂತ್ರಗಳನ್ನು ಮಾಡುವ ಜಾಣರಿಗೆ ವರದಾ, ತುಂಗಭದ್ರೆಯ ಸೀಮೆಯಲ್ಲಿ ಜನ ಮಾತಾಡುತ್ತಾರೆಂಬುದು ಇನ್ನೂ ಗೊತ್ತಾಗಿಲ್ಲ. ಅವರ ಲೆಕ್ಕದಲ್ಲಿ ಕನ್ನಡ ದಾವಣಗೆರೆಗೇ ಮುಗಿಯುತ್ತದೆಯೋ ಏನೋ. ಅವ್ವ ಮಾತ್ರ ಅದರ ತಪ್ಪುಗಳನ್ನು ತಾನೇ ತಿದ್ದಿಕೊಂಡು ಓದಲು ಕಲಿತಳು.

ಅವ್ವ ಆ ಫೋನಿನ ಸಮೇತ ಬ್ಯಾಡಗಿಗೆ ಹೋದಳು. ಅಲ್ಲಿ ಅದರಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಮುದುಕಿಯ ಕೈಯಲ್ಲಿ ಫೋನ್ ಇದೆ ಎಂದರೆ ದೇವರ ಚಿತ್ರ ನೋಡುತ್ತಿರಬೇಕು ಎಂದುಕೊಂಡರು.

ಮುಂದೆ ಒಂದು ಶನಿವಾರ ಕದರಮಂಡಲಗಿಯ ಹನುಮಪ್ಪನಿಗೆ ನಾವೆಲ್ಲ ಕೂಡಿ ಹೋಗಿದ್ದೆವು. ದರ್ಶನ ಮುಗಿಸಿ ಬ್ಯಾಡಗಿಯ ಮನೆಯಲ್ಲಿ ಊಟ. ರೊಟ್ಟಿ, ಎಣ್ಣೆಗಾಯಿ ಪಲ್ಯ ಉಂಡು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತೆವು. ಅವ್ವ ಕಂಬಕ್ಕೆ ಆತು ಕುಳಿತು, ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಅಣ್ಣ ತಮ್ಮನ ಕಡೆ ತಿರುಗಿ, ದನಿಯನ್ನು ಸ್ವಲ್ಪವೂ ತಗ್ಗಿಸದೆ, "ದೇವರಗುಡ್ಡದಿಂದ ಮತ್ತ ಫೋನ್ ಬಂದಿತ್ತು. ಚಿಗವ್ವಗ ಇನ್ನೂ ಹಂಗ ಐತಂತ" ಎಂದ.

ಚಿಗವ್ವ ಎಂದರೆ ಅವ್ವನ ಒಬ್ಬಳೇ ತಂಗಿ. ದೇವರಗುಡ್ಡದ ಒಕ್ಕಲುತನದ ಮನೆಗೆ ಕೊಟ್ಟದ್ದು.

"ಏನಾಗೇತಿ ಚಿಗವ್ವಗ?" ಎಂದೆ ನಾನು.

"ಲಕ್ವಾ ಹೊಡದೈತಿ. ಬಲಗೈ, ಬಲಗಾಲು ಬಿದ್ದಾವು. ಮಾತೂ ಹೋಗೇತಿ. ಹದಿನೈದು ದಿನದ ಮ್ಯಾಲಾತು."

"ಹದಿನೈದು ದಿನ? ನನಗ ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ರ ಅವ್ವಗ ಹೇಳಿದಂಗ. ಇಕಿ ಈಗಿಂದೀಗ ಹೊಂಡತೇನಿ ಅಂತಾಳ. ಹೋಗಿ ಏನ್ ಮಾಡಾಕಿ? ಇಕಿಗೆ ಕೇಳಸಂಗಿಲ್ಲ, ಅಕಿಗೆ ಮಾತಾಡಾಕ ಬರಂಗಿಲ್ಲ."

ತಮ್ಮ ಗಂಟಲು ಸರಿಮಾಡಿಕೊಂಡ. ಮೈಕು ಇಲ್ಲದಿದ್ದರೂ ಅವನಿಗೆ ಆ ಅಭ್ಯಾಸ. "ಈ ವಯಸ್ಸಿನ್ಯಾಗ ಇಂಥಾ ಸುದ್ದಿ ತಡಕೊಳ್ಳಾಕ ಆಗಂಗಿಲ್ಲ ಅಕ್ಕಾ. ಹಿರಿಯರ ಮನಸ್ಸು ಮಕ್ಕಳ ಮನಸ್ಸಿದ್ದಂಗ. ಗೊತ್ತಾಗದಿದ್ರ ಅವರಿಗೂ ಚೊಲೊ, ನಮಗೂ ಚೊಲೊ."

ವೈನಿ ಅಡಿಕೆ ಕತ್ತರಿಸುತ್ತ, "ಆ ಫೋನರೆ ಯಾಕ ಕೊಡಿಸೀರಿ ಇವರಿಗೆ? ದೇವರ ಫೋಟೋ ನೋಡಾಕ ಗ್ವಾಡಿ ಮ್ಯಾಲ ಕ್ಯಾಲೆಂಡರ್ ಇಲ್ಲೇನು?" ಎಂದಳು.

ಅಷ್ಟರಲ್ಲಿ ಅಣ್ಣನ ಮಗ ಅವ್ವನ ಕಡೆ ನೋಡಿ ಬಿದ್ದು ಬಿದ್ದು ನಗತೊಡಗಿದ. "ಅಪ್ಪಾ, ಇಲ್ಲಿ ನೋಡ್ರಿ, ಆಯಿ ಫೋನ್ ಉಲ್ಟಾ ಹಿಡದಾಳ!"

ಎಲ್ಲರೂ ನಕ್ಕರು. ಫೋನ್ ತಲೆಕೆಳಗಾಗಿಯೇ ಇತ್ತು. ಮೈಕು ಇರುವ ತುದಿಯನ್ನು ಮಾತಾಡುವವರ ಕಡೆಗೆ ತಿರುಗಿಸಿದರೆ ಅಕ್ಷರ ಚೆನ್ನಾಗಿ ಬರುತ್ತದೆ, ಬರಹ ತಾನೇ ತಿರುಗಿಕೊಳ್ಳುತ್ತದೆ ಎಂದು ಆಪಾ ಹೇಳಿಕೊಟ್ಟಿದ್ದರು. ಎಂಜಿನಿಯರ್ ಸಾಹೇಬರಿಗೆ ಅದು ಹೊಳೆಯಲಿಲ್ಲ.

ಅವ್ವ ನಗಲಿಲ್ಲ. ಒದ್ದೆ ಬಟ್ಟೆಯಿಂದ ಬೆರಳು ಒರೆಸಿಕೊಂಡು, ಪರದೆಯನ್ನು ಮೇಲೆ ಸರಿಸಿ, ಮತ್ತೊಮ್ಮೆ ನಿಧಾನವಾಗಿ ಓದಿದಳು. ಆಮೇಲೆ ತಲೆ ಎತ್ತಿದಳು.

"ನನ್ನ ತಂಗಿಗೆ ಲೆಕ್ಕ ಹೊಡೆದಿದೆ ಅಂತ ಬರದೈತಿ ಇದು. ಲೆಕ್ಕ ಹೊಡಿಯೂದು ಅಂದ್ರ ಏನು? ಲಕ್ವಾ ಹೊಡದೈತೇನು?"

ವೈನಿಯ ಕೈಯಲ್ಲಿ ಅಡಕತ್ತರಿ ಬಾಯಿ ತೆರೆದೇ ನಿಂತಿತು. ಅಣ್ಣ ಎರಡೂ ಕೈ ಆಡಿಸುತ್ತ, "ಏನಿಲ್ಲಬೇ, ಏನಿಲ್ಲ" ಎಂದ. ಅವ್ವ ಫೋನನ್ನು ಅವನ ಕಡೆ ತಿರುಗಿಸಿ ತೋರಿಸಿದಳು. ಪರದೆಯ ಕೊನೆಯಲ್ಲಿ ಅವನ "ಏನಿಲ್ಲ ಏನಿಲ್ಲ" ಅಚ್ಚುಕಟ್ಟಾಗಿ ಕುಳಿತಿತ್ತು.

"ಇದೂ ಬಂತು ನೋಡು" ಎಂದಳು. "ನೀವು ಅಂದದ್ದೆಲ್ಲ ಬಂದೈತಿ. ಕ್ಯಾಲೆಂಡರ್ ಅಂತೂ ಒಂದು ಅಕ್ಷರ ತಪ್ಪಿಲ್ಲ. ಅಕಿ ಹುಟ್ಟಿದಾಗ ತೊಟ್ಟಿಲಾ ತೂಗಿದಾಕಿ ನಾನು. ಅಕಿ ಹಾಸಿಗಿ ಹಿಡದ್ರ ನನಗ ಗೊತ್ತಾಗಬಾರದು ಅಂತ ಠರಾಯಿಸಾಕ ನೀವು ಯಾರು?"

ಅವ್ವ ಹೀಗೆ ಮಾತಾಡಿ ಎಷ್ಟೋ ವರ್ಷಗಳಾಗಿದ್ದವು. ನನಗೆ ಅಳು ಬಂತು. ಅದರ ಜೊತೆಗೇ, ಅಣ್ಣನ ಮುಖ ನೋಡಿ ಒಳಗೊಳಗೇ ಖುಷಿಯೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ತಮ್ಮ ಮಾತ್ರ ಇನ್ನೂ ಸೋಲು ಒಪ್ಪಿರಲಿಲ್ಲ. "ನೋಡಿದ್ರ್ಯಾ, ಶಾಕ್ ಆತು" ಎಂದು ನನ್ನ ಕಿವಿಯಲ್ಲಿ ಉಸುರಿದ. ಶಾಕ್ ಹೊಡೆದದ್ದು ಯಾರಿಗೆ ಎಂದು ಅವನಿಗೆ ತಿಳಿಸುವ ಶಕ್ತಿ ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ.

ಅವ್ವ ಎದ್ದು ತನ್ನ ಸೀರೆಗಳನ್ನು ಚೀಲಕ್ಕೆ ತುಂಬಿದಳು. ಅಣ್ಣನ ಕಾರಿನಲ್ಲೇ ಹೊರಟೆವು. ನಡೆಸಿದವನು ಅವನ ಮಗ. ಚಿಕ್ಕಂದಿನಿಂದ ಹೋಗಿ ಬಂದ ದಾರಿಗೂ ಫೋನಿನಲ್ಲಿ ನಕ್ಷೆ ಹಾಕಿಕೊಂಡ. ಹೆದ್ದಾರಿಯಲ್ಲಿ ಇರುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಅದು ತಿರುಗು ಎಂದಲ್ಲಿ ತಿರುಗಿ, ಹತ್ತಿ ಹೊಲದ ನಡುವಿನ ಬಂಡಿ ಹಾದಿಗೆ ತಂದು ನಿಲ್ಲಿಸಿದ. ಹಿಂದೆ ಕುಳಿತಿದ್ದ ಅವ್ವ ಕಿಟಕಿಯ ಹೊರಗೆ ನೋಡಿ, "ಯಾಕೋ ತಮ್ಮಾ, ಹತ್ತಿ ಬಿಡಸಾಕ ಬಂದೀಯೇನ?" ಎಂದಳು. ಅವನು ಮೆಲ್ಲಗೆ ಕಾರು ಹಿಂದಕ್ಕೆ ತೆಗೆದ.

ಚಿಗವ್ವ ಕಿಟಕಿಯ ಬದಿಗೆ ಮಂಚದ ಮೇಲೆ ಮಲಗಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಅಕ್ಕನನ್ನು ನೋಡಿದ ಕೂಡಲೇ ಏನೋ ತೊದಲಿದಳು. ನನಗೂ ಸ್ಪಷ್ಟವಾಗಲಿಲ್ಲ, "ಯಾವಾಗ ಬಂದಿ" ಎಂದಿರಬೇಕು. ಅವ್ವ ಫೋನ್ ಹಿಡಿದಳು. ಪರದೆಯ ಮೇಲೆ "ಹಾಗಲ ಬಂಡಿ" ಎಂದು ಮೂಡಿತು.

ಅವ್ವ ಅದನ್ನು ಗಟ್ಟಿಯಾಗಿ ಓದಿದಳು. "ಹಾಗಲಕಾಯಿ ಬಂಡಿ ಅಂತ! ಇಷ್ಟು ದಿನದ ಮ್ಯಾಲೆ ಬಂದ ಅಕ್ಕಗ ಹಾಗಲಕಾಯಿ ಬಂಡಿ ಅಂತೀಯೇನ?"

ಚಿಗವ್ವನ ಮುಖದ ಚೆನ್ನಾಗಿದ್ದ ಅರ್ಧ ನಕ್ಕಿತು. ನಗು ತಡೆಯಲಾರದೆ ಎಡಗೈಯಿಂದ ಅವ್ವನ ತೋಳಿಗೆ ಹೊಡೆದಳು. ಎರಡೂ ಕಣ್ಣಿನಲ್ಲಿ ನೀರು. ಅವ್ವ ಫೋನನ್ನು ಬದಿಗಿಟ್ಟು, ಮಂಚದ ಮೇಲೆ ಕುಳಿತು, ಆಕೆಯ ಸೋತ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಬಾಗಿಲಲ್ಲಿ ನಿಂತ ಅಣ್ಣ ಗಡಿಯಾರ ನೋಡಿ ಮರಳಿ ಹೊರಡುವ ಮಾತೆತ್ತಿದ. ಅವ್ವ ಅವನ ಕಡೆ ನೋಡಲೂ ಇಲ್ಲ. ಚೀಲವನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. ಅವನಿಗೆ ಅಷ್ಟು ಅರ್ಥವಾಯಿತು.

ಆವತ್ತಿನಿಂದ ಅವ್ವ ಅಲ್ಲೇ ಇದ್ದಾಳೆ. ಚಿಗವ್ವನ ಮಗ ಸೊಸೆ ಇಬ್ಬರೂ ಹೊಲಕ್ಕೆ ಹೋಗುವವರು, ಹಗಲೆಲ್ಲ ಮನೆಯಲ್ಲಿ ಅಕ್ಕತಂಗಿಯರದೇ ರಾಜ್ಯ. ಚಿಗವ್ವನ ಎಡಗೈಗೆ ಅವ್ವ ಫೋನ್ ಕಲಿಸಿದಳು. ಮೊದಲು ನನಗೆ ಬಂದದ್ದು ಅವರ ಮನೆಯ ಜಂತಿಯ ಫೋಟೋ, ಆಮೇಲೆ ಒಂದು ಹೆಬ್ಬೆರಳಿನದು. ಈಗ ಹಸಿವಾದರೆ ರೊಟ್ಟಿಯ ಚಿತ್ರ, ಬೇಸರವಾದರೆ ಅಳುವ ಮುಖದ ಚಿತ್ರ ಒತ್ತಿ ಅಕ್ಕನ ಮುಂದೆ ಹಿಡಿಯುತ್ತಾಳೆ. ಮಾತೂ ಅಲ್ಪಸ್ವಲ್ಪ ಮರಳುತ್ತಿದೆ. ಫೋನ್ ಅದನ್ನು ಇನ್ನೂ ತಪ್ಪುತಪ್ಪಾಗಿಯೇ ಬರೆಯುತ್ತದೆ, ಇಬ್ಬರೂ ಅದಕ್ಕೆ ಬೈಯುತ್ತಾರೆ.

ಅವ್ವ ಚಿಗವ್ವನಿಗೂ ಫೋನ್ ಕಲಿಸಿದ ಸುದ್ದಿ ತಿಳಿದು ತಮ್ಮ ದೇವರಗುಡ್ಡಕ್ಕೆ ಓಡಿಬಂದ. ಚಿಗವ್ವನನ್ನು ಕಾಣಲು ಬಂದ ಎಂದುಕೊಂಡರೆ, ಅವನು ತಂದದ್ದು ಆಮಂತ್ರಣ. ಕಾಲೇಜಿನ ಈ ವರ್ಷದ ಕಾರ್ಯಕ್ರಮದಲ್ಲಿ ಅವ್ವನನ್ನು ವೇದಿಕೆಯ ಮೇಲೆ ಕೂರಿಸಿ ಸನ್ಮಾನ ಮಾಡಬೇಕಂತೆ. ಎಂಬತ್ತರ ಹೊಸ್ತಿಲಲ್ಲಿ ಫೋನ್ ಬಳಸುವ ಅಪರೂಪದ ಅಜ್ಜಿ. ಶಾಲು, ಹಾವೇರಿಯ ಏಲಕ್ಕಿ ಹಾರ, ಪತ್ರಿಕೆಯವರ ಕ್ಯಾಮೆರಾ. ಆ ಭಾನುವಾರ ನಾನೂ ಅಲ್ಲಿದ್ದೆ. ಅವ್ವ ಅವನ ಮಾತನ್ನು ಪೂರ್ತಿ ಓದಿಕೊಂಡಳು.

"ಅಪರೂಪ ಅಂದ್ರ? ಎದುರುಮನಿ ಬೂಬವ್ವಗೂ ಬರತೈತಿ, ಇಕಿಗೂ ಬರತೈತಿ" ಎಂದು ಚಿಗವ್ವನನ್ನು ತೋರಿಸಿದಳು. "ನಾ ಯಾಕ ಕುಂದ್ರಬೇಕು ನಿನ್ನ ಸ್ಟೇಜಿನ ಮ್ಯಾಲೆ?"

"ಅಲ್ಲಬೇ, ಉಳಿದ ಹಿರಿಯರಿಗೆ ಸ್ಫೂರ್ತಿ ಸಿಗತೈತಿ."

"ಅವರಿಗೆ ಸ್ಫೂರ್ತಿ ಬ್ಯಾಡೋ. ಬಾಜೂಕ ಕುಂತು ಹೇಳಿಕೊಡೋರು ಬೇಕು. ನೀ ಕುಂದ್ರತೀಯೇನ?"

ತಮ್ಮ ನನ್ನ ಕಡೆ ನೋಡಿದ. ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ಕಾರ್ಯಕ್ರಮ ಅವ್ವನಿಲ್ಲದೆಯೇ ನಡೆಯಿತು. ಭಾಷಣದಲ್ಲಿ ಆಕೆಯ ಉದಾಹರಣೆ ಕೊಟ್ಟನಂತೆ, ತಾನೇ ಕಲಿಸಿದ ಹಾಗೆ.

ಮೊನ್ನೆ ಅಣ್ಣ ನನಗೆ ಫೋನ್ ಮಾಡಿದ್ದ. ಮನೆಗೆ ನೆಂಟರು ಬರುವವರಿದ್ದಾರೆ, ತಾಯಿ ಎಲ್ಲಿ ಎಂದು ಕೇಳಿದರೆ ಏನು ಹೇಳಬೇಕು ಎಂಬ ಚಿಂತೆ ಅವನಿಗೆ.

"ಅವ್ವ ಯಾವಾಗ ಬರತಾಳಂತ?"

"ಅಕೀನ ಕೇಳು. ಮೆಸೇಜ್ ಹಾಕು, ಓದತಾಳ."

"ನನಗ ಕನ್ನಡ ಟೈಪ್ ಮಾಡಾಕ ಎಲ್ಲಿ ಬರತೈತವಾ, ಈ ವಯಸ್ಸಿನ್ಯಾಗ?"

"ಕಲಿ" ಎಂದೆ.

ಫೋನ್ ಕೈಯಲ್ಲಿ ಹಿಡಿದುಕೊಂಡೇ ಅವನು ಮಗನನ್ನು ಕೂಗುವುದು ಕೇಳಿಸಿತು.